ತಕ್ಕಡಿಯಂಥ ನಾಲಿಗೆ

ಕೋಟಿನ ಜೇಬಿನಲ್ಲೂ ಇರಲಿಲ್ಲ. ಅವಳು ಒಳಜೇಬನ್ನು ಹೊರಗೆಳೆದು, ಮೂಲೆಯ ಹೊಲಿಗೆಗೂ ಬೆರಳು ತೂರಿಸಿ ನೋಡಿದಳು. ಒಂದು ಬಸ್ ಟಿಕೆಟ್ಟು, ಒಂದು ಬಿದ್ದುಹೋದ ಗುಂಡಿ. ಮಿಠಾಯಿ ಸುತ್ತಿದ ಕಾಗದದ ಚೂರೂ ಇಲ್ಲ. ಗಂಡ ಸತ್ತು ತಿಂಗಳುಗಳು ಕಳೆದಿದ್ದವು. ಅವನು ಸಿಹಿಯನ್ನು ಎಲ್ಲಿ ಬಚ್ಚಿಟ್ಟಿದ್ದ ಎಂಬುದು ಮಾತ್ರ ಇನ್ನೂ ಸಿಕ್ಕಿರಲಿಲ್ಲ.

“ಇನ್ನೂ ತಪಾಸಣೆ ಮುಗಿದಿಲ್ವಾ ಅತ್ತಿಗೆ?” ಎಂದಳು ನಾದಿನಿ. ಅಣ್ಣನ ಕೋಟನ್ನು ನೆನಪಿಗೆಂದು ಕೇಳಿ ಪಡೆಯಲು ಬಂದವಳು ಹೊಸ್ತಿಲಾಚೆಯೇ ನಿಂತಿದ್ದಳು. ಒಳಗೆ ಬಾ ಎಂದು ಯಾರೂ ಕರೆದಿರಲಿಲ್ಲ. ಅಣ್ಣ ಬದುಕಿದ್ದಾಗ ಒಮ್ಮೆ ಅತ್ತಿಗೆ ಅವಳ ಚೀಲವನ್ನೂ ಹೀಗೇ ಜಾಲಾಡಿ, “ಕದ್ದು ತಂದ್ಕೊಡೋಳು ನೀನೇ” ಎಂದು ಬಾಗಿಲು ಹಾಕಿದ್ದಳು. ಚೀಲದಲ್ಲಿ ಸಿಕ್ಕಿದ್ದು ಸೌತೆಕಾಯಿ.

ಹುಡುಕದೆ ಏನು ಮಾಡುವುದು? ಗಂಡನಿಗೆ ಸಕ್ಕರೆ ಕಾಯಿಲೆ ಎಂದು ತಿಳಿದ ದಿನವೇ ಅವಳು ಸಕ್ಕರೆ ಡಬ್ಬಿಯನ್ನು ತೊಳೆದು ಬೋರಲು ಹಾಕಿದ್ದಳು. ಜೇನು, ಜಾಮು, ಬಿಸ್ಕತ್ತು ಎಲ್ಲಕ್ಕೂ ಗೇಟ್‌ಪಾಸು. ಆದರೂ ರಕ್ತ ಪರೀಕ್ಷೆ ಮಾಡಿಸಿದಾಗಲೆಲ್ಲ ಸಕ್ಕರೆ ಮೇಲಕ್ಕೇ. ಏರಿದಾಗಲೆಲ್ಲ ಅವಳು ಅವನ ಊಟ ಕಡಿಮೆ ಮಾಡಿ, ಆರೋಗ್ಯದ ಪುಡಿ ಕದಡಿದ ಹಾಲನ್ನು ಇನ್ನೊಂದು ಲೋಟ ಹೆಚ್ಚು ಕುಡಿಸಿದಳು. ಕಾಲಿನ ಗಾಯ ಮಾಯಲಿಲ್ಲ. ಬೆರಳು ಹೋಯಿತು, ಪಾದ ಹೋಯಿತು.

“ತಿಂದಿಲ್ಲ ಕಣೇ, ನಿನ್ನಾಣೆ,” ಎನ್ನುತ್ತಿದ್ದ. ಆಸ್ಪತ್ರೆಯ ಮಂಚದಲ್ಲೂ ಅದೇ ಮಾತು. ಅವಳ ಸಹನೆಯ ಕಟ್ಟೆ ಒಡೆದಿತ್ತು. “ಸಾಯೋವಾಗಾದ್ರೂ ನಿಜ ಹೇಳ್ರೀ!”

ಅವನು ಗೋಡೆಯತ್ತ ಮುಖ ತಿರುಗಿಸಿದ. ಆಮೇಲೆ ಮಾತಾಡಲೇ ಇಲ್ಲ.

ಆ ಗೋಡೆಯತ್ತ ತಿರುಗಿದ ಮುಖ ಅವಳನ್ನು ಬಿಟ್ಟಿರಲಿಲ್ಲ. ಪಾತ್ರೆ ತೊಳೆಯುವಾಗ ಬೆನ್ನ ಹಿಂದೆ, “ತಿಂದಿಲ್ಲ ಕಣೇ.” ದೀಪ ಹಚ್ಚುವ ಹೊತ್ತಿಗೆ ಅವನ ಕುರ್ಚಿ ಕಿರ್ರೆನ್ನುತ್ತಿತ್ತು. ಜೊತೆಗೆ ಈ ಇರುವೆಗಳು. ಕುರ್ಚಿಯ ಕೆಳಗಿಂದ ಹೊರಟು ಗೋಡೆಯ ಬಿರುಕಿನಲ್ಲಿ ಮಾಯವಾಗುವ ಕರಿ ಸಾಲು. ಒರೆಸಿದರೆ ಬೆಳಗಾಗುವಷ್ಟರಲ್ಲಿ ಮತ್ತೆ ಹಾಜರು. ಸಿಹಿಯಿಲ್ಲದ ಮನೆಗೆ ಇರುವೆ ಯಾಕೆ ಬರುತ್ತದೆ? ಒಂದು ಮಿಠಾಯಿ ಸಿಕ್ಕರೆ ಸಾಕಿತ್ತು ಅವಳಿಗೆ, ಒಂದೇ ಒಂದು. ಅವನು ಸುಳ್ಳ ಎಂದು ಖಾತ್ರಿಯಾದರೆ ತಾನು ಆಡಿದ ಮಾತು ತಪ್ಪಲ್ಲ ಎಂದಾಗುತ್ತಿತ್ತು. ಮನಸಾರೆ ಅವನನ್ನು ಬೈದು, ಮನಸಾರೆ ಅತ್ತು, ಹಗುರಾಗಬಹುದಿತ್ತು.

ಅವಳ ಕಣ್ಣು ತಪ್ಪಿಸಬಹುದು, ನಾಲಿಗೆಯನ್ನಲ್ಲ. ಆಹಾರದ ಕಾರ್ಖಾನೆಯಲ್ಲಿ ಅವಳು ರುಚಿ ನೋಡುವವಳು; ಅಲ್ಲಿ ಅವಳ ಹೆಸರೇ ‘ತಕ್ಕಡಿ’. ಬಿಳಿ ಕೋಣೆ, ಬಿಳಿ ಬಟ್ಟಲು, ಬಟ್ಟಲಿನ ಮೇಲೆ ಬರೀ ಸಂಖ್ಯೆ. ಒಳಗಿರುವುದು ಯಾವ ಡಬ್ಬಿ ಸೇರುತ್ತದೆ ಎಂದು ಕೇಳಬಾರದು; ಅವಳು ಕೇಳಿದವಳೂ ಅಲ್ಲ. ಒಂದು ಗುಟುಕು, ಒಂದು ತೀರ್ಪು. “ಊಹ್ಞೂಂ, ಇದು ಆಗಲ್ಲ. ಚೂರು ಹುಳಿ ಏರಿಸಿ. ಕೊನೆಗೆ ಒಂದೆಳೆ ಕಹಿ ಉಳೀಲಿ.” ಬಟ್ಟಲು ಹೋಗಿ ಮತ್ತೆ ಬರುತ್ತಿತ್ತು. “ಹಾಂ, ಈಗ ಸರಿ.” ಅವಳು ಸರಿ ಎಂದ ಮೇಲೆ ದೊಡ್ಡವರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

“ನಾಲಿಗೆಗೆ ಎಲುಬಿಲ್ಲ ಅಂತಾರೆ. ನಿನ್ನ ನಾಲಿಗೆಗೆ ಕಣ್ಣೂ ಇದೆ ಕಣೇ,” ಎಂದು ಗಂಡ ಹೆಮ್ಮೆಪಡುತ್ತಿದ್ದ.

ಆ ನಾಲಿಗೆಯಿಂದಲೇ ಅವಳು ಅಡುಗೆಮನೆಯ ಒಂದೊಂದು ಡಬ್ಬಿಯನ್ನೂ ಪರೀಕ್ಷಿಸಿದ್ದಳು. ಆರೋಗ್ಯದ ಪುಡಿಯನ್ನೂ ಬಿಟ್ಟಿರಲಿಲ್ಲ. ಡಬ್ಬಿಯ ಮೇಲೆ ಹಸಿರೆಲೆ, ನಗುತ್ತ ಓಡುವ ಮುದುಕ, ‘ಸಕ್ಕರೆ ಸೇರಿಸಿಲ್ಲ’ ಎಂಬ ದಪ್ಪಕ್ಷರ. ಹುರಿದ ಧಾನ್ಯದ ರುಚಿ. ಸಿಹಿಯ ಸುಳಿವೇ ಇಲ್ಲ. ಎಲ್ಲೋ ಪರಿಚಯವಿದ್ದಂತೆಯೂ ಅನ್ನಿಸಿ, ಅದರ ಮೇಲೆ ನಂಬಿಕೆ ಹೆಚ್ಚೇ ಹುಟ್ಟಿತ್ತು.

ಕೋಟು ಕೊಟ್ಟಳು. ನಾದಿನಿ ಅದನ್ನು ಮುಖಕ್ಕೊತ್ತಿಕೊಂಡಳು. ಆಮೇಲೆ ಕಣ್ಣೊರೆಸಿಕೊಂಡು, ಕರೆಯದಿದ್ದರೂ ಒಳಬಂದು ಬಿರುಕನ್ನು ದಿಟ್ಟಿಸಿದಳು.

“ಈ ಗೋಡೆ ಆಚೆ ಏನಿದೆ?”

“ಅಡುಗೆಮನೆ ಕಪಾಟು.”

“ಬನ್ನಿ, ಸರಿಸಿಯೇ ಬಿಡೋಣ. ಅಣ್ಣ ಬಚ್ಚಿಟ್ಟಿದ್ರೆ ಅಲ್ಲೇ ಇರತ್ತೆ. ಇಲ್ದಿದ್ರೆ ಅವನನ್ನ ಇನ್ನಾದ್ರೂ ಬಿಟ್ಬಿಡಿ.”

ಇಬ್ಬರೂ ಅಡುಗೆಮನೆಗೆ ಹೋಗಿ ಕಪಾಟನ್ನು ಎಳೆದರು. ಹಿಂದೆ ಮಿಠಾಯಿ ಇರಲಿಲ್ಲ. ಬಿರುಕಿನಿಂದ ಹೊರಬಿದ್ದ ಸಾಲು ಕಪಾಟಿನ ಬೆನ್ನು ಹತ್ತಿ, ಮೇಲಿನ ಹಲಗೆಯಲ್ಲಿ ಹಸಿರೆಲೆಯ ಡಬ್ಬಿಯನ್ನು ಸುತ್ತಿಕೊಂಡಿತ್ತು. ಮುಚ್ಚಳ ತೆಗೆದರೆ ಪುಡಿಯೇ ಕಾಣದಷ್ಟು ಇರುವೆ.

“ಅದ್ರಲ್ಲಿ ಸಕ್ಕರೆ ಇಲ್ವೇ ಇಲ್ಲ,” ಎಂದಳು ಅವಳು. “ಮೇಲೇ ಬರ್ದಿದೆ ನೋಡು.”

“ಇರುವೆಗೆ ಓದೋಕೆ ಬರಲ್ವಲ್ಲ ಅತ್ತಿಗೆ.”

ಅವಳು ಇರುವೆಗಳನ್ನು ಊದಿ, ಬೆರಳದ್ದಿ ನಾಲಿಗೆಗಿಟ್ಟುಕೊಂಡಳು. ಹುರಿದ ಧಾನ್ಯ. ಅದರ ಹಿಂದೆ ಚೂರು ಹುಳಿ.

“ಸಿಹಿ ಇದ್ಯಾ?”

“ಇಲ್ಲ...”

ಆಗ ಬಂತು, ನಾಲಿಗೆಯ ಬುಡದಲ್ಲಿ, ಒಂದೆಳೆ ಕಹಿ.

ಡಬ್ಬಿ ಕೈಜಾರಿತು. ಅವನು ಸುಳ್ಳು ಹೇಳಿರಲಿಲ್ಲ. ಅವಳು ಗೋಡೆಯಾಚೆಯ ಕೋಣೆಗೆ ಓಡಿ, ಅವನ ಕುರ್ಚಿಯ ಕಾಲು ಹಿಡಿದು ಕೂತಳು. ನಾದಿನಿ ಗಾಬರಿಯಿಂದ ಭುಜ ಅಲುಗಿಸುತ್ತ, “ಏನಾಯ್ತು ಅತ್ತಿಗೆ? ಸಿಹಿ ಇಲ್ಲ ಅಂದ್ರಲ್ಲ?” ಎಂದು ಕೇಳುತ್ತಲೇ ಇದ್ದಳು.

ಬಿಳಿ ಕೋಣೆಯಲ್ಲಿ ಅವಳಿಗೆ ಸಂಬಳ ಕೊಡುತ್ತಿದ್ದುದು ಒಂದೇ ಕೆಲಸಕ್ಕೆ: ಬಟ್ಟಲಿಗೆ ಸುರಿದ ಸಕ್ಕರೆ ಪಾಕ ಯಾವ ನಾಲಿಗೆಗೂ ಗೊತ್ತಾಗದ ಹಾಗೆ ಮಾಡುವುದಕ್ಕೆ.