ಕಲಾಯಿ ಬರಹಕ್ಕೆ ಬಂದ ಮಾತು

ಆ ಮಾತನ್ನು ಅಳಿಸಿಹಾಕಲು ವಾಣಿಶ್ರೀ ಮೇಡಂ ಆಗಲೇ ಬೆರಳು ಎತ್ತಿದ್ದರು. ಶಿರಹಟ್ಟಿಯ ಕಾಲೇಜಿನಲ್ಲಿ ಕನ್ನಡ ಕಲಿಸುವ ಅವರು ವಿದ್ಯಾರ್ಥಿಗಳ ಬರಹಗಳಿಗೆಂದೇ ಒಂದು ಬ್ಲಾಗ್ ತೆರೆದಿದ್ದರು. ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವ ತನ್ನಜ್ಜ ಶೇಖಸಾಬನ ಬಗ್ಗೆ ರುಹಿ ಅದರಲ್ಲಿ ಬರೆದಿದ್ದಳು, ಅಜ್ಜ ಆಡುವ ಮಾತಿನಲ್ಲೇ. ಅದರ ಕೆಳಗೆ ಯಾರೋ ಅಪರಿಚಿತರು, “ಇದೆಂಥ ಕನ್ನಡ? ಮೊದಲು ಶುದ್ಧವಾಗಿ ಬರೆಯಲು ಕಲಿಯಿರಿ” ಎಂದು ಗೀಚಿದ್ದರು. ಹುಡುಗಿ ಇನ್ನು ಬರೆಯುವುದನ್ನೇ ಬಿಟ್ಟಾಳೆಂದು ಮೇಡಂಗೆ ಕಳವಳ.

“ಅಳಸಬ್ಯಾಡ್ರಿ ಮೇಡಂ,” ಪಕ್ಕದಲ್ಲಿ ನಿಂತಿದ್ದ ರುಹಿ ಮೆಲ್ಲಗೆ ಅಂದಳು. “ನಾನ ಉತ್ತರಾ ಕೊಡ್ತೀನಿ.”

“ಸಿಟ್ಟಿನಾಗ ಬರೀಬ್ಯಾಡವಾ.”

“ಇಲ್ರಿ.” ಕಣ್ಣೊರೆಸಿಕೊಂಡು ಕುಳಿತು ಅವಳು ಬರೆದಳು: “ನಮ್ಮಜ್ಜ ಹೇಳಿದ್ದನ್ನ ಹಂಗ ಬರದೀನ್ರಿ. ತಿಳೀಲಾರದ್ದು ಏನರ ಇದ್ರ ಕೇಳ್ರಿ, ಅಜ್ಜನ್ನ ಕೇಳಿ ಹೇಳ್ತೀನಿ.”

ಇಬ್ಬರೂ ಮರು ಉತ್ತರಕ್ಕಾಗಿ ಕಾದರು. ಮೇಡಂ ಮುಂದಿನ ತರಗತಿಗೆಂದು ಎದ್ದು ಬಾಗಿಲವರೆಗೆ ಹೋಗಿದ್ದರು.

“ಬಂತ್ರಿ ಮೇಡಂ,” ಎಂದು ಕರೆದ ರುಹಿ ಅದೇ ಅಪರಿಚಿತರ ಮಾತನ್ನು ಗಟ್ಟಿಯಾಗಿ ಓದಿದಳು: “ನಮ್ಮ ತಾಯಿಯೂ ಕೊಡಕ್ಕೆ ಕಲಾಯಿ ಹಾಕಿಸುತ್ತಿದ್ದರು. ಕಾದ ಪಾತ್ರೆಗೆ ಉಜ್ಜುವ ನವಸಾಗರ ಎಂದು ಬರೆದಿದ್ದೀರಿ, ಹಾಗಂದರೆ ಏನು? ಅಜ್ಜನನ್ನು ಕೇಳಿ ಹೇಳುತ್ತೀರಾ?”

“ಫೋನ್ ಹಚ್ಚವಾ ಅಜ್ಜಗ,” ಎನ್ನುತ್ತ ಮೇಡಂ ಹಿಂದಿರುಗಿ ಬಂದು ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು.