ನೆಲದೊಳಗಿನ ಗಂಡಿನ ಮನೆ

ಯಶಸ್ವಿನಿ ದಿಂಬನ್ನು ಎತ್ತಿ ಮೂಸಿದಳು. ಗಂಡಸಿನ ತಲೆಯೆಣ್ಣೆಯ ಹಳೇ ವಾಸನೆ. ಹೊಸ ಕವರು ಹಾಕಿದರೂ ಹೋಗಿರಲಿಲ್ಲ. ಮಂಚದ ಮೇಲೆ ಗುಲಾಬಿ ಹೂವಿನ ಹೊಸ ಚಾದರ, ಒಂದಕ್ಕೊಂದು ತಾಗಿಸಿಟ್ಟಿದ್ದ ಎರಡು ದಿಂಬು.

"ಶ್, ಅವ್ರು ಬರ್ತಾರೆ. ದಿಂಬು ಇಡು," ಎಂದಳು ಅತ್ತೆ ಮನೋರಮಾ.

"ಬರ್ಲಿ. ನೋಡೋಕೇ ಅಲ್ವಾ ಬಂದಿದ್ದು?"

ಕೋಣೆಗೆ ಕಿಟಕಿ ಇರಲಿಲ್ಲ. ಆಸ್ಟ್ರೇಲಿಯಾದ ಮರುಭೂಮಿಯ ನಡುವೆ ಓಪಲ್ ಎಂಬ ರತ್ನದ ಕಲ್ಲು ಅಗೆಯುವ ಊರು ಇದು. ಮೇಲೆ ನಿಲ್ಲಲಾಗದ ಬಿಸಿಲು. ಹಾಗಾಗಿ ಜನ ಹಳೆಯ ಗಣಿಗಳನ್ನೇ ಅಗಲ ಮಾಡಿಕೊಂಡು ನೆಲದೊಳಗೆ ವಾಸವಾಗಿದ್ದರು. ಯಂತ್ರ ಕೆರೆದ ಕೆಂಪು ಗೋಡೆ, ಚರ್ಮ ಸುಲಿದ ಮಾಂಸದ ಹಾಗೆ. ಗಾಳಿಯಲ್ಲಿ ನಿನ್ನೆ ಯಾರೋ ಹುರಿದ ಕೊಬ್ಬಿನ ಜಿಡ್ಡು. ಬಚ್ಚಲಿನ ಜಾಲರಿಯಲ್ಲಿ ಹಿಂದೆ ಉಳಿದು ಹೋದವರ ಕೂದಲು, ಬೇರೆ ಬೇರೆ ಬಣ್ಣದ್ದು, ಎಲ್ಲ ಸೇರಿ ಒಂದೇ ಉಂಡೆ. ಬಸ್ಸಿನಿಂದ ಇಳಿದ ಕೂಡಲೇ ನೊಣಗಳು ಕಣ್ಣಿನ ಮೂಲೆಗೆ ನುಗ್ಗಿದ್ದವು. ಒಂದನ್ನು ಅವಳು ನುಂಗಿಯೂ ಆಗಿತ್ತು.

ಅವರು ಇಳಿದಿದ್ದ ಈ ಲಾಡ್ಜ್ ಧರ್ಮಪ್ಪನದು. ಹಿಂದಿನ ಎರಡು ಕೋಣೆ ಅವನ ಮನೆ. ಸಂಬಂಧ ತಂದವರು ಮನೋರಮಾಳ ಅಣ್ಣ ಹೂವಯ್ಯ. "ಹುಡುಗ ನಮ್ಮ ಅರಳಸುರಳಿ ಕಡೆಯವನೇ, ಬಂಗಾರದಂಥವನು," ಎಂದಿದ್ದರು. ಬಸ್ಸಿಗೆ ಕಾದು ನಿಂತಿದ್ದ ಹುಡುಗನ ತಲೆಯಲ್ಲಿ ಒಂದೂ ಕಪ್ಪು ಕೂದಲಿರಲಿಲ್ಲ.

ತೀರ್ಥಹಳ್ಳಿಯ ಮನೆಯಲ್ಲಿ ಈಗ ಹೆಂಗಸರಿಬ್ಬರೇ. ಗಂಡಸರಿಬ್ಬರು ಗೋಡೆಯ ಮೇಲೆ ಫೋಟೋ ಆಗಿದ್ದರು. ಮಾವ ಹೋಗಿ ಬಹಳ ಕಾಲವಾಗಿತ್ತು. ಮಗ ತೀರ್ಥೇಶ್ ಬೈಕಿನಿಂದ ಬಿದ್ದು ಹೋದದ್ದು ಹೋದ ವರ್ಷ. ಅವನ ಹೆಂಡತಿ ಯಶಸ್ವಿನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ.

"ಅರವತ್ತಾಯ್ತಂತೆ ಅವ್ರಿಗೆ," ಎಂದಳು ಯಶಸ್ವಿನಿ.

"ವಯಸ್ಸಿಂದೆಂತ ಮಾರಾಯ್ತಿ? ಗುಣ ನೋಡು. ಒಂಟಿ ಬಾಳು ಎಷ್ಟು ದಿನ ಅಂತ?" ಮನೋರಮಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಬಲವಂತ ಇಲ್ಲ ಯಶು. ನೀನು ಹೂಂ ಅಂದ್ರೆ ಮಾತ್ರ. ಬೇಡ ಅಂದ್ರೆ ಇಬ್ರೂ ಒಟ್ಟಿಗೇ ವಾಪಸ್ ಹೋಗಣ."

"ಊರಲ್ಲಿ ನಗ್ತಾರೆ."

"ನಗ್ಲಿ. ಆದ್ರೆ ಇಲ್ಲಿಂದ ಒಬ್ಳೇ ವಾಪಸ್ ಹೋಗೋದು ನೆನೆಸ್ಕಂಡ್ರೆ ಕರುಳು ಕಿವುಚುತ್ತೆ ನೋಡು."

ಹೂಂ, ಇಲ್ಲವೇ ಬೇಡ. ಅಷ್ಟರ ಮೇಲೆ ಒಂದು ಬದುಕು ನಿಂತಿತ್ತು. ಬೇಡ ಎಂಬ ಮಾತು ಯಶಸ್ವಿನಿಯ ನಾಲಗೆಯ ತುದಿಯಲ್ಲೇ ಇತ್ತು.

ಧರ್ಮಪ್ಪ ಕಾಫಿ ತಂದ. ಸೂರಿನಿಂದ ಉದುರಿದ ಪುಡಿ ಕೆನೆಯ ಮೇಲೆ ತೇಲುತ್ತಿತ್ತು. ಇದ್ದ ಒಳ್ಳೆಯ ಕುರ್ಚಿಯನ್ನು ಯಶಸ್ವಿನಿಗೆ ಕೊಟ್ಟು ತಾನು ನಿಂತೇ ಇದ್ದ. ಸೀಳಿದ ಉಗುರುಗಳೊಳಗೆ ಬಿಳಿ ಮಣ್ಣು ಕಟ್ಟಿತ್ತು.

"ಕುಡೀತೀರಾ?" ಅವಳು ಕೇಳಿದಳು.

"ನಂದು ಈಗ್ಲೇ ಆಯ್ತು. ನೀವು ಕುಡೀರಿ."

"ಕಾಫಿ ಕೇಳಿದ್ದಲ್ಲ."

ಅವನು ಕಿವಿ ತುರಿಸಿಕೊಂಡ. "ಶನಿವಾರ ಒಂದು ಬಿಯರು. ಬಿಡಿ ಅಂದ್ರೆ ಬಿಡ್ತೀನಿ."

"ಮೊದಲ್ನೇ ಹೆಂಡ್ತಿ?"

"ತೀರ್ಕೊಂಡ್ಳು. ಮೇಲೆ ಮಣ್ಣು ಮಾಡಿದೀವಿ. ಇಲ್ಲಿ ಬದುಕಿರೋರು ಕೆಳಗೆ, ಸತ್ತೋರು ಮೇಲೆ."

"ಊರು ಬಿಟ್ಟು ಇಲ್ಲಿಗ್ಯಾಕೆ ಬಂದ್ರಿ?"

"ಮಾಸ್ತಿಕಟ್ಟೆ ಪ್ರಾಜೆಕ್ಟಲ್ಲಿ ಸುರಂಗ ಕೊರೆಯೋಕೆ ಸೇರಿದ್ದೆ. ಅದು ಮುಗೀತು, ಇನ್ನೊಂದ್ ಕಡೆ ಸುರಂಗ. ಹಂಗೇ ಕೊರ್ಕಂಡು ಕೊರ್ಕಂಡು ಇಲ್ಲಿ ಬಂದು ಎದ್ದೆ."

"ಹೆಗ್ಗಣದ ಹಾಗೆ."

"ಯಶೂ!" ಮನೋರಮಾ ಗದರಿದಳು.

"ಬೈಬೇಡಿ, ಸರಿಯಾಗೇ ಹೇಳಿದ್ರು," ಎಂದು ಧರ್ಮಪ್ಪ ನಕ್ಕ. ಮನೋರಮಾಳೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ತೀರ್ಥೇಶ್ ಹೋದ ಮೇಲೆ ಅತ್ತೆ ನಕ್ಕದ್ದನ್ನು ಯಶಸ್ವಿನಿ ಕಂಡಿರಲಿಲ್ಲ. ಆ ನಗು ಅವಳಿಗೆ ಬಚ್ಚಲಿನ ಕೂದಲಿಗಿಂತ ಅಸಹ್ಯವೆನಿಸಿತು.

ಅವನು ಜೇಬಿನಿಂದ ಕಡಲೆಕಾಳಿನಷ್ಟು ಮಂಕು ಕಲ್ಲೊಂದನ್ನು ತೆಗೆದ. "ಒಣಗಿದ್ರೆ ಇದ್ರ ಬಣ್ಣ ಕಾಣಲ್ಲ," ಎಂದು ಅದನ್ನು ನಾಲಗೆ ಚಾಚಿ ನೆಕ್ಕಿದ. ದೀಪಕ್ಕೆ ಹಿಡಿದ. ಎಂಜಲಿನೊಳಗಿಂದ ಹಸಿರು, ಕೆಂಪು ಕಿಡಿಗಳು ಎದ್ದವು. ಅದನ್ನೇ ಯಶಸ್ವಿನಿಯ ಮುಂದೆ ಚಾಚಿದ.

ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ಬಾಯಲ್ಲಿ ಹುಳಿನೀರು ತುಂಬಿತು. ಕಲ್ಲನ್ನು ಮನೋರಮಾ ತೆಗೆದುಕೊಂಡಳು. ಊರಿನಲ್ಲಿ ಬೇರೆಯವರು ಕಚ್ಚಿ ಕುಡಿದ ಲೋಟವನ್ನು ಹುಣಸೆಹಣ್ಣು ಹಾಕಿ ಮತ್ತೆ ಮತ್ತೆ ತಿಕ್ಕುವ ಹೆಂಗಸು, ಒರೆಸದೆ ಅದನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು.

ಯಶಸ್ವಿನಿ ಬಚ್ಚಲಿಗೆ ಓಡಿ ವಾಂತಿ ಮಾಡಿದಳು. ಮುಖ ತೊಳೆಯುವಾಗ ಬಾಗಿಲಾಚೆಯ ಮಾತು ಕೇಳಿಸಿತು.

"ಪಾಪ, ಅವ್ರಿಗೆ ಈ ಜಾಗ ಆಗ್ತಾ ಇಲ್ಲ. ಒಪ್ಪಲ್ಲ ಬಿಡಿ," ಧರ್ಮಪ್ಪ ಹೇಳುತ್ತಿದ್ದ.

"ಒಪ್ಪದಿದ್ರೆ ಇಲ್ಲಿಗೇ ಮುಗೀತು. ನಾನು ಒಂದು ಮಾತೂ ಆಡಲ್ಲ." ಅದು ಮನೋರಮಾಳ ದನಿ. "ಅವಳು ಹೇಳಿದ್ದೇ ಕಡೆ."

ಯಶಸ್ವಿನಿ ಹೊರಬಂದಾಗ ಇಬ್ಬರೂ ಗೋಡೆಗೆ ಒರಗಿ, ಏಟಿಗೆ ಕಾದ ಮಕ್ಕಳ ಹಾಗೆ ನಿಂತಿದ್ದರು. ಹೇಸಿಗೆ ಇಳಿದಿರಲಿಲ್ಲ. ಇಳಿಯುವುದೂ ಇಲ್ಲ ಎಂದು ಅವಳಿಗೆ ಗೊತ್ತಿತ್ತು.

"ಅಡಿಗೆಮನೆಗೆ ಗಾಳಿ ಸಾಲದು," ಎಂದಳು. "ಮೇಲಕ್ಕೆ ಒಂದು ಕಿಂಡಿ ಬೇಕು."

"ನಾಳೇನೇ ಕೊರೀತೀನಿ."

"ಹಾಗಾದ್ರೆ ಹೂಂ."

ಹೆಣ್ಣಿನ ಕಡೆಯಿಂದ ಬೇರೆ ಯಾರೂ ಬಂದಿರಲಿಲ್ಲವಾದ್ದರಿಂದ, ಹಿರಿಯರು ಮಾಡಬೇಕಾದ್ದನ್ನು ಅವಳೇ ಮಾಡಿದಳು: ಅತ್ತೆಯ ಕೈ ಹಿಡಿದು ಧರ್ಮಪ್ಪನ ಅಂಗೈಗೆ ಇಟ್ಟಳು, ಆಮೇಲೆ ತನ್ನ ಕೈಯನ್ನು ಕುರ್ತಾಕ್ಕೆ ಒರೆಸಿಕೊಂಡಳು.