ದಿಂಬಿಗೆ ಚುಚ್ಚಿಟ್ಟ ಸೂಜಿ

ಲಕ್ಕಿ ಸೊಪ್ಪಿನ ವಾಸನೆ ಬಂದರೆ ಈಗಲೂ ನನ್ನ ಕೈ ತಾನಾಗಿ ಹತ್ತಿರದ ದಿಂಬನ್ನು ಒತ್ತಿ ನೋಡುತ್ತದೆ.

ಎಪ್ಪತ್ತರ ದಶಕ, ವಿಜಯನಗರದ ನಮ್ಮ ಮನೆ. ನನಗೆ ಏಳು ವರ್ಷ. ಎರಡು ತಿಂಗಳ ತಮ್ಮ ನಿದ್ದೆಯಿಲ್ಲದೆ ಅಳುತ್ತಿದ್ದ. ಮಕ್ಕಳಾಗಲಿಲ್ಲವೆಂದು ಗಂಡನಿಂದ ಏಟು ತಿಂದು ತವರಿಗೆ ಬಂದಿದ್ದ ಅಪ್ಪನ ತಂಗಿ ಗಿರಿಜತ್ತೆ, ಅವನಿಗೆ ನಿದ್ದೆ ಬರಲೆಂದು ನಾಯಂಡಹಳ್ಳಿಯಿಂದ ಲಕ್ಕಿ ಸೊಪ್ಪು ತಂದು ಒಣಗಿಸಿ, ಲಾವಂಚ ಬೆರೆಸಿ, ಬೂರುಗದ ಹತ್ತಿಯ ಜೊತೆ ದಿಂಬಿಗೆ ತುಂಬಿದ್ದಳು. ಬಾಯಿ ಹೊಲಿಯುವುದಷ್ಟೇ ಬಾಕಿ. ಅಜ್ಜಿ ಸೂಜಿ ಕೇಳಿದಾಗ ಅತ್ತೆ ಅದನ್ನು ಹಿಡಿದು ಕೈ ಚಾಚಿದಳು.

“ಕೈಗೆ ಕೊಡ್ಬೇಡ ಕಣೇ, ಜಗಳ ಆಗುತ್ತೆ. ದಿಂಬಿಗೆ ಚುಚ್ಚಿಡು.”

ಅತ್ತೆ ಚುಚ್ಚಿಟ್ಟು ತೊಟ್ಟಿಲ ಕಡೆ ಹೋದಳು. ಅಜ್ಜಿ ಕನ್ನಡಕ ತರಲು ಎದ್ದಳು. ನಾನು ಆ ಮೆತ್ತನೆಯ ದಿಂಬನ್ನು ಗುದ್ದಿ ಮೂಸಿದೆ. ಸೂಜಿ ಒಳಗೆ ಹೋಯಿತು.

“ಸೂಜಿ ಎಲ್ಲೇ?” ಎಂದಳು ಅಜ್ಜಿ.

ಏಟು ಬೀಳುತ್ತದೆಂದು, “ಅತ್ತೆ ತಗೊಂಡೋದ್ಲು” ಎಂದೆ. ಅಜ್ಜಿ ಗೊಣಗುತ್ತಾ ಬೇರೆ ಸೂಜಿಯಲ್ಲಿ ಹೊಲಿದಳು.

ಅಮ್ಮ ಮಗುವನ್ನು ಮಲಗಿಸಿದಳು. ದಿಂಬು ತಗ್ಗಿತು. ಅವನ ಕಿವಿಯಿಂದ ಒಂದು ಬೆರಳಿನಷ್ಟು ದೂರದಲ್ಲಿ ಸೂಜಿಯ ಮೊನೆ ಹೊರಬಂದು ಮಿನುಗಿತು. ಅಮ್ಮ ಮಗುವನ್ನು ಬಾಚಿಕೊಂಡು ಕಿರುಚಿದಳು.

“ನಿನಗಿಲ್ಲ ಅಂತ ನನ್ನ ಮಗೂಗೆ ಹೀಗಾ ಮಾಡೋದು?”

“ಅಮ್ಮನೇ ಚುಚ್ಚಿಡು ಅಂದಿದ್ದು ಅತ್ತಿಗೆ…” ಎಂದಳು ಅತ್ತೆ.

ಅಜ್ಜಿ ನನ್ನ ಕಡೆ ತಿರುಗಿದಳು. “ಯಾರು ತಗೊಂಡೋದ್ರು ಅಂದೆ ನೀನು?”

ಅತ್ತೆ ನನ್ನನ್ನೇ ನೋಡುತ್ತಿದ್ದಳು.

“ಅತ್ತೆ” ಎಂದೆ.

ಮಾರನೆಯ ದಿನ ಅಪ್ಪ ಅವಳನ್ನು ಕೆಂಗೇರಿಗೆ, ಅದೇ ಗಂಡನ ಮನೆಗೆ ಬಿಟ್ಟು ಬಂದರು. ಸೂಜಿ ತೆಗೆದ ಆ ದಿಂಬಿನ ಮೇಲೆ ತಮ್ಮ ಅಂದು ಸಂಜೆಯವರೆಗೂ ಚೆನ್ನಾಗಿ ನಿದ್ದೆ ಮಾಡಿದ.